ಅಟ್ಟದ ಪೆಟ್ಟಿಗೆ, ಅತ್ತೆಯ ಆಕ್ಷೇಪ

ಪ್ರಶ್ನೆ:

ನನ್ನ ತವರು ಕೊಳ್ಳೇಗಾಲದ ಕಡೆ. ಮದುವೆಯಾಗಿ ಬಂದು ಮೂವತ್ತು ವರ್ಷದಿಂದ ಕೊಯಮತ್ತೂರಿನ ಹತ್ತಿರ ತೊಂಡಾಮುತ್ತೂರಿನಲ್ಲಿದ್ದೇನೆ. ತೆಂಗು, ಬಾಳೆ, ಅಡಿಕೆ ತೋಟವಿದೆ. ಮನೆಮಾತು ಕನ್ನಡವೇ. ಆದರೆ ಇಲ್ಲಿಯವರ ಓದು ಬರಹ ತಮಿಳಿನಲ್ಲಿ. ಹಾಗಾಗಿ ನಿಮ್ಮ ಅಂಕಣ ಓದುವವಳು ಮನೆಯಲ್ಲಿ ನಾನೊಬ್ಬಳೇ.

ನಮ್ಮ ಯಜಮಾನರ ತಾತ ಕೂನೂರಿನ ಹತ್ತಿರ ಒಂದು ಟೀ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. 1950ರ ಸುಮಾರಿಗೆ ಅಲ್ಲಿಯ ದೊರೆ ಸೀಮೆಗೆ ಹೊರಟಾಗ ಊಟದ ಮೇಜಿನ ಪಿಂಗಾಣಿ ಸಾಮಾನನ್ನೆಲ್ಲ ಮರದ ಪೆಟ್ಟಿಗೆಗೆ ತುಂಬಿಸಿ ತಾತನಿಗೆ ಕೊಟ್ಟು ಹೋದರಂತೆ. ಆ ಪೆಟ್ಟಿಗೆ ಅಟ್ಟದ ಮೇಲೆ ಇದ್ದಂತೆಯೇ ಇತ್ತು. ಹೋದ ವರ್ಷ ಮಾವ ತೀರಿಕೊಂಡರು. ಈಗ ಮನೆ ಭಾಗವಾಗುವ ಮಾತು ನಡೆದಿದೆ. ಅಟ್ಟ ಇಳಿಸಿ ನೋಡಿದರೆ ನೀಲಿ ಚಿತ್ರದ ತಟ್ಟೆಗಳು, ಚಿನ್ನದಂಚಿನ ಟೀ ಸೆಟ್ಟು, ಮುಚ್ಚಳವಿರುವ ಕಂದು ಚಿತ್ತಾರದ ದೊಡ್ಡ ಬಟ್ಟಲು, ಕೊಂಬೆ ಕೊಂಬೆಯಾಗಿ ಕಾಲುವೆ ತೋಡಿದಂತಿರುವ ಒಂದು ಭಾರೀ ಹರಿವಾಣ. ನನಗೆ ಆಸೆಯಾಯಿತು. ತೊಳೆದು ಅಡುಗೆಮನೆಗೆ ತಂದೆ.

ಅಲ್ಲಿಂದ ಶುರುವಾಯಿತು. ಅತ್ತೆಗೆ ಎಪ್ಪತ್ತೆಂಟು. ನಮ್ಮದು ಮಾಂಸ ಸೇರದ ಮನೆ. 'ಇದರಲ್ಲಿ ಮೂಳೆ ಅರೆದು ಹಾಕಿರ್ತಾರೆ, ಅದರ ಮೇಲೆ ದೊರೆಗಳು ಏನೇನೋ ತಿಂದ ಎಂಜಲು, ಒಲೆ ಹತ್ತಿರ ತರಬೇಡ' ಅಂತ ಊಟ ಬಿಟ್ಟು ಕೂತರು. ಮೈದುನ ಇದಕ್ಕೆ ಲಕ್ಷಗಟ್ಟಲೆ ಬೆಲೆ ಇದೆ, ಮುಟ್ಟಬೇಡಿ, ಲೆಕ್ಕ ಹಾಕಿ ಭಾಗ ಮಾಡೋಣ ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿರುವ ನಾದಿನಿಗೆ ಟೀ ಸೆಟ್ಟೂ ಮುಚ್ಚಳದ ಬಟ್ಟಲೂ ಬೇಕಂತೆ, ಬಂದಾಗ ಒಯ್ಯುತ್ತಾಳಂತೆ. ಯಜಮಾನರು ಬಾಯಿ ಬಿಡುವುದಿಲ್ಲ. ಇದರ ನಡುವೆ ರಜೆಗೆ ಬಂದ ಮೊಮ್ಮಗಳು, ನಾಲ್ಕು ವರ್ಷದವಳು, ಹೂವಿನ ಕಪ್ಪಿನಲ್ಲೇ ಹಾಲು ಬೇಕು ಅಂತ ಹಟ ಹಿಡಿದು ದಿನಾ ಅದರಲ್ಲೇ ಕುಡಿಯುತ್ತಿದ್ದಾಳೆ. ಫೋಟೋ ಕಳಿಸಿದ್ದೇನೆ. ನಾನು ಆಸೆಪಟ್ಟದ್ದೇ ತಪ್ಪೇ?

— ಹೆಸರು ಬೇಡ, ತೊಂಡಾಮುತ್ತೂರು

ಉತ್ತರ:

ಅಮ್ಮಾ, ನೀವು ಕೊನೆಗೆ ಬರೆದದ್ದನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ಮೊಮ್ಮಗಳಿಗೆ ಆ ಕಪ್ಪಿನಲ್ಲಿ ಹಾಲು ಕೊಡುವುದನ್ನು ಇವತ್ತೇ ನಿಲ್ಲಿಸಿ. ಹಟ ಮಾಡಿದರೆ ಮಾಡಲಿ, ಎರಡು ದಿನ ಅತ್ತು ಮರೆಯುತ್ತಾಳೆ.

ಕಾರಣ ಸೀಸ. ಪಿಂಗಾಣಿಯ ಮೇಲಿನ ಗಾಜಿನಂಥ ಮೆರುಗು ಬೇಗ ಕರಗಿ ಸಮನಾಗಿ ಹರಡಲಿ ಎಂದು ಹಿಂದೆ ಅದಕ್ಕೆ ಸೀಸ ಬೆರೆಸುತ್ತಿದ್ದರು. ಮೆರುಗಿನ ಮೇಲೆ ಬಿಡಿಸಿದ ಕೆಂಪು, ಹಳದಿ, ಹಸಿರು ಹೂಗಳ ಬಣ್ಣದಲ್ಲೂ ಸೀಸ ಇರುತ್ತಿತ್ತು, ಕೆಲವದರಲ್ಲಿ ಕ್ಯಾಡ್ಮಿಯಂ ಕೂಡ. ಇಂಗ್ಲೆಂಡಿನಲ್ಲಿ ಈ ವಿಷಕ್ಕೆ ಮೊದಲು ಬಲಿಯಾದವರು ತಟ್ಟೆಗಳನ್ನು ಮೆರುಗಿನ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದ ಕೂಲಿಗಳು. ಅವರಲ್ಲಿ ಹೆಂಗಸರೂ ಬಹಳ ಮಂದಿ. 1890ರ ದಶಕದ ಕೊನೆಗೆ ಅಲ್ಲಿಯ ಸರ್ಕಾರ ಎಡ್ವರ್ಡ್ ಥೋರ್ಪ್ ಎಂಬ ರಸಾಯನ ವಿಜ್ಞಾನಿಯಿಂದಲೂ ತಾಮಸ್ ಆಲಿವರ್ ಎಂಬ ವೈದ್ಯರಿಂದಲೂ ಇದರ ತನಿಖೆ ಮಾಡಿಸಿತು. ಹಸಿ ಸೀಸದ ಮೆರುಗನ್ನು ಪೂರ್ತಿ ಬಿಡಿಸಿದ್ದು 1947ರ ನಿಯಮ. ಆಮೇಲೂ ಕಡಿಮೆ ಕರಗುವ ಬಗೆಯ ಸೀಸದ ಮೆರುಗಿಗೆ ಅವಕಾಶ ಉಳಿದಿತ್ತು. ಹಾಗಾಗಿ 1950ರಲ್ಲಿ ನಿಮ್ಮ ಮನೆಗೆ ಬಂದ ಪೆಟ್ಟಿಗೆಯಲ್ಲಿ ಸೀಸವಿದೆ ಎಂದು ಹಿಡಿದುಕೊಂಡೇ ನಾವು ಮುಂದಿನ ಮಾತಾಡಬೇಕು.

ಮಕ್ಕಳ ವಿಷಯದಲ್ಲಿ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಿದುಳಿಗೆ ಅದು ಹಾನಿ. ಬಸುರಿಯರಿಗೂ ಬೇಡ. ಹಾಗೆಂದು ಗಾಬರಿ ಬೀಳಬೇಡಿ. ಹಾಲು ಹುಳಿ ಪದಾರ್ಥವಲ್ಲ, ಸೀಸವನ್ನು ಎಳೆದುಕೊಳ್ಳುವುದು ಹುಳಿ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಮಕ್ಕಳ ವೈದ್ಯರಿಗೆ ವಿಷಯ ಹೇಳಿ, ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಬಹುದು.

ಇನ್ನು ಜಗಳದ ವಿಷಯ. ನಿಮ್ಮ ಮನೆಯಲ್ಲಿ ಅತ್ತೆ, ಮೈದುನ, ನಾದಿನಿ, ನೀವು, ನಾಲ್ವರೂ ಪೆಟ್ಟಿಗೆ ಒಂದೇ ವಸ್ತು ಎನ್ನುವಂತೆ ಮಾತಾಡುತ್ತಿದ್ದೀರಿ. ತಟ್ಟೆಯನ್ನು ತಿರುವಿ ಅದರ ಬೆನ್ನು ಓದಿದವರು ಯಾರೂ ಇಲ್ಲ. ನೀವು ಕಳಿಸಿದ ಫೋಟೋಗಳಲ್ಲಿ ಹರಿವಾಣವನ್ನು ಬಿಟ್ಟರೆ ನನಗೆ ಕಂಡದ್ದು ಮೂರು ಬೇರೆ ಬೇರೆ ಬಗೆಯ ಸಾಮಾನು, ಬೇರೆ ಬೇರೆ ಕಾಲದವು. ಒಂದಕ್ಕೆ ಹೇಳುವ ಮಾತು ಇನ್ನೊಂದಕ್ಕೆ ಸಲ್ಲುವುದಿಲ್ಲ.

ಮೊದಲು ನೀಲಿ ತಟ್ಟೆಗಳು. ಬಾಗಿದ ವಿಲ್ಲೋ ಮರ, ಸೇತುವೆಯ ಮೇಲೆ ಮೂವರು, ಮೇಲೆ ಎರಡು ಹಕ್ಕಿ. ಇದಕ್ಕೆ ವಿಲ್ಲೋ ಮಾದರಿ ಎಂದೇ ಹೆಸರು. ಚಿತ್ರ ಚೀನಾದಂತೆ ಕಂಡರೂ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಹದಿನೆಂಟನೇ ಶತಮಾನದ ಕೊನೆಗೆ. ತಾಮ್ರದ ಹಲಗೆಯಲ್ಲಿ ಚಿತ್ರ ಕೊರೆದು, ತೆಳು ಕಾಗದಕ್ಕೆ ಅಚ್ಚೊತ್ತಿ, ಅದನ್ನು ಬೆಂದ ತಟ್ಟೆಗೆ ಅಂಟಿಸಿ, ಮೇಲೆ ಮೆರುಗು ಕೊಟ್ಟು ಮತ್ತೆ ಸುಡುವುದು ಇದರ ವಿಧಾನ. ಸ್ಪೋಡ್ ಕಾರ್ಖಾನೆ 1784ರಲ್ಲಿ ಈ ಕೆಲಸವನ್ನು ಹದಕ್ಕೆ ತಂದ ಮೇಲೆ ಕೈಯಲ್ಲಿ ಬಿಡಿಸುವ ಖರ್ಚು ಉಳಿಯಿತು, ನೀಲಿ ತಟ್ಟೆ ಸಾಮಾನ್ಯರ ಮನೆಗೂ ಬಂತು. ಒಂದು ತಟ್ಟೆ ಕೈಗೆ ತೆಗೆದುಕೊಂಡು ಅಂಚಿನ ಚಿತ್ತಾರವನ್ನು ಬೆಳಕಿನಲ್ಲಿ ನಿಧಾನವಾಗಿ ಸುತ್ತಿಸಿ ನೋಡಿ. ಎಲ್ಲೋ ಒಂದು ಕಡೆ ಬಳ್ಳಿ ತಟಕ್ಕನೆ ಕತ್ತರಿಸಿ, ಕೂದಲೆಳೆಯಷ್ಟು ತಪ್ಪಿ ಮತ್ತೆ ಸೇರುತ್ತದೆ. ಅಂಟಿಸಿದ ಕಾಗದದ ಎರಡು ತುದಿ ಕೂಡಿದ ಜಾಗ ಅದು. ಅಲ್ಲಿ ಒಬ್ಬ ಕೆಲಸದ ಹೆಂಗಸಿನ ಬೆರಳು ಓಡಾಡಿದೆ. ಈ ತಟ್ಟೆಗಳ ಹಿಂದೆ 'ಮೇಡ್ ಇನ್ ಇಂಗ್ಲೆಂಡ್' ಎಂದಿದೆ, ಅಂದರೆ ಇಪ್ಪತ್ತನೇ ಶತಮಾನದವು. 1890ರಲ್ಲಿ ಅಮೆರಿಕ ಸುಂಕದ ಕಾಯಿದೆ ತಂದು, ಹೊರಗಿನ ಸಾಮಾನಿನ ಮೇಲೆ ದೇಶದ ಹೆಸರಿರಬೇಕು ಎಂದಿತು. 1891ರಿಂದ 'ಇಂಗ್ಲೆಂಡ್' ಎನ್ನುವ ಒಂಟಿ ಪದ ಬಂತು. 'ಮೇಡ್ ಇನ್' ಸೇರಿಸುವ ರೂಢಿ ಬೆಳೆದದ್ದು ಅದಕ್ಕೂ ಈಚೆಗೆ.

ಎರಡನೆಯದು ಮುಚ್ಚಳದ ಬಟ್ಟಲು. ಇದು ಸೂಪು ಬಡಿಸುವ ಪಾತ್ರೆ. ಇದರ ಬುಡದಲ್ಲಿ ಪುಟ್ಟ ವಜ್ರಾಕಾರದ ಮುದ್ರೆ ಇದೆ, ತಲೆಯ ಮೇಲೆ ರೋಮನ್ ನಾಲ್ಕು. ವಿನ್ಯಾಸವನ್ನು ಇನ್ನೊಬ್ಬರು ಕದಿಯದಂತೆ ಇಂಗ್ಲೆಂಡಿನಲ್ಲಿ ನೋಂದಾಯಿಸಿದ ಗುರುತು ಅದು. 1842ರಿಂದ 1883ರವರೆಗೆ ಮಾತ್ರ ಇತ್ತು. ರೋಮನ್ ನಾಲ್ಕು ಎಂದರೆ ಮಣ್ಣಿನ ಸಾಮಾನಿನ ವರ್ಗ. ನಿಮ್ಮ ಫೋಟೋದಲ್ಲಿ ವರ್ಷದ ಅಕ್ಷರ ಬಲಮೂಲೆಯಲ್ಲಿದೆ. 1868ರ ನಂತರದ ಕ್ರಮ ಅದು. ಅಕ್ಷರ 'ವೈ' ಎಂದು ನಾನು ಓದಿದ್ದು ಸರಿಯಾದರೆ, ವಿನ್ಯಾಸ ನೋಂದಣಿಯಾದದ್ದು 1879ರಲ್ಲಿ. ಪಾತ್ರೆಯನ್ನು ಮಾಡಿದ್ದು ಅದೇ ವರ್ಷವೋ ಆಮೇಲೋ ಎನ್ನುವುದು ಮುದ್ರೆಯಿಂದ ತಿಳಿಯುವುದಿಲ್ಲ. ಆದರೆ ದೇಶದ ಹೆಸರಿಲ್ಲದ್ದರಿಂದ 1891ಕ್ಕಿಂತ ಹಿಂದಿನದು ಎನ್ನಲು ಅಡ್ಡಿಯಿಲ್ಲ. ಮೆಟ್ಟುಪಾಳಯದಿಂದ ಕೂನೂರಿಗೆ ರೈಲು ಏರಿದ್ದೇ 1899ರಲ್ಲಿ. ಅದಕ್ಕೂ ಮೊದಲು ಈ ಪಾತ್ರೆ ಬೆಟ್ಟ ಹತ್ತಿದ್ದರೆ ಎತ್ತಿನ ಗಾಡಿಯಲ್ಲೋ ಆಳಿನ ತಲೆಯ ಮೇಲೋ ಹತ್ತಿರಬೇಕು. ಪೆಟ್ಟಿಗೆಯಲ್ಲಿ ವಯಸ್ಸಿನಲ್ಲಿ ಹಿರಿಯದು ಇದೇ.

ಮೂರನೆಯದು ಟೀ ಸೆಟ್ಟು. ಬಸಿಯ ಹಿಂದೆ 'ಬೋನ್ ಚೈನಾ' ಎಂದು ಸ್ಪಷ್ಟವಾಗಿ ಅಚ್ಚಾಗಿದೆ.

ಈಗ ಅತ್ತೆಯವರ ಮಾತಿಗೆ ಬರೋಣ. ಟೀ ಸೆಟ್ಟಿನ ಮಟ್ಟಿಗೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಬೋನ್ ಚೈನಾದ ಸುಮಾರು ಅರ್ಧ ಪಾಲು ಸುಟ್ಟ ಮೂಳೆಯ ಬೂದಿ, ಹೆಚ್ಚಾಗಿ ದನದ್ದು. ಉಳಿದ ಅರ್ಧ ಇಂಗ್ಲೆಂಡಿನ ಕಾರ್ನ್‌ವಾಲಿನ ಬಿಳಿ ಜೇಡಿಯೂ ಅಲ್ಲಿಯದೇ ಕಲ್ಲಿನ ಪುಡಿಯೂ. ಲಂಡನ್ನಿನ ಬೋ ಕಾರ್ಖಾನೆಯವರು 1740ರ ದಶಕದಲ್ಲೇ ಮೂಳೆಬೂದಿ ಬೆರೆಸುತ್ತಿದ್ದರು. ಸ್ಟೋಕ್ ಊರಿನ ಸ್ಪೋಡ್ ಮನೆತನ 1790ರ ದಶಕದಲ್ಲಿ ಪಾಕವನ್ನು ನೆಲೆಗೊಳಿಸಿತು. ಬೆಳಕಿಗೆ ಹಿಡಿದರೆ ಹಿಂದಿನ ಬೆರಳ ನೆರಳು ಕಾಣುವ ಆ ತೆಳುವಿಗೂ ಹಾಲುಬಿಳುಪಿಗೂ ಗಟ್ಟಿತನಕ್ಕೂ ಮೂಳೆಬೂದಿಯೇ ಕಾರಣ.

ಸಾವಿರ ಡಿಗ್ರಿಯ ಸುಮಾರಿಗೆ ಮೂಳೆ ಸುಟ್ಟ ಮೇಲೆ ಮಾಂಸ, ಮಜ್ಜೆ, ಕೊಬ್ಬು ಏನೂ ಉಳಿಯುವುದಿಲ್ಲ, ಉಳಿಯುವುದು ಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಖನಿಜ. ಈ ಮಾತನ್ನು ನಿಮ್ಮ ಮಗಳೋ ಮೈದುನನ ಮಕ್ಕಳೋ ಅತ್ತೆಗೆ ಹೇಳಿ ಬಾಯಿ ಮುಚ್ಚಿಸಲು ನೋಡಬಹುದು. ದಯವಿಟ್ಟು ಬಿಡಬೇಡಿ. ಅವರು ಕೇಳುತ್ತಿರುವುದು ಅದರಲ್ಲಿ ಮಾಂಸ ಉಳಿದಿದೆಯೇ ಎಂದಲ್ಲ. ಒಂದು ದನದ ಮೂಳೆಯಿಂದ ಆದದ್ದನ್ನು ತುಟಿಗೆ ತಾಗಿಸಲೇ ಎಂದು ಕೇಳುತ್ತಿದ್ದಾರೆ. ಆ ಪ್ರಶ್ನೆಗೆ ಉಷ್ಣತೆಯ ಲೆಕ್ಕ ಉತ್ತರವಾಗುವುದಿಲ್ಲ. ಎಪ್ಪತ್ತೆಂಟು ವರ್ಷ ಒಂದು ವ್ರತದಂತೆ ನಡೆದುಕೊಂಡು ಬಂದವರು ಬೇಡ ಎಂದರೆ ಅವರ ಮಟ್ಟಿಗೆ ಅದು ಬೇಡ, ಅಷ್ಟೇ. ಇನ್ನೊಂದು ಕೆಲಸ ಎಂದೂ ಮಾಡಬೇಡಿ: ಹೇಳದೆ ಅದರಲ್ಲಿ ಅವರಿಗೆ ಕಾಫಿ ಕೊಟ್ಟು, ಆಮೇಲೆ 'ನೋಡಿ, ಏನೂ ಆಗಲಿಲ್ಲ' ಎನ್ನುವುದು. ಆ ನಂಬಿಕೆ ಒಡೆದರೆ ಅವರು ನಿಮ್ಮ ಕೈಯ ನೀರನ್ನೂ ಅನುಮಾನಿಸುತ್ತಾರೆ.

ಆದರೆ ಅವರಿಗೆ ಹೇಳಲು ನಿಮ್ಮ ಬಳಿ ಒಂದು ಒಳ್ಳೆಯ ಸುದ್ದಿಯೂ ಇದೆ. ನೀಲಿ ತಟ್ಟೆಗಳಲ್ಲಿ ಮೂಳೆ ಇಲ್ಲ. ಕಂದು ಬಟ್ಟಲಿನಲ್ಲೂ ಇಲ್ಲ. ಅವೆರಡೂ ಜೇಡಿ, ಬೆಣಚುಕಲ್ಲಿನ ಪುಡಿ ಬೆರೆಸಿ ಸುಟ್ಟ ಬರೀ ಮಣ್ಣಿನ ಸಾಮಾನು. ಬೇಕಿದ್ದರೆ ಅತ್ತೆಯ ಮುಂದೆಯೇ ಟಾರ್ಚ್ ಹಿಡಿದು ತೋರಿಸಿ. ಕಪ್ಪಿನೊಳಗಿಂದ ಬೆಳಕು ಹೊರಗೆ ತೂರಿ ಬರುತ್ತದೆ, ನೀಲಿ ತಟ್ಟೆ ಬೆಳಕನ್ನು ತಡೆದು ನಿಲ್ಲಿಸುತ್ತದೆ. ಬೆಳಕು ತೂರಿದ್ದಕ್ಕೆಲ್ಲ ಮೂಳೆ ಬೆರೆತಿರಬೇಕೆಂದಿಲ್ಲ, ಮೂಳೆಯಿಲ್ಲದ ಪಿಂಗಾಣಿಯಲ್ಲೂ ತೂರುವಂಥದ್ದು ಇದೆ. ಬೆಳಕು ತಡೆದದ್ದು ಬೋನ್ ಚೈನಾ ಅಲ್ಲ ಎನ್ನುವುದಂತೂ ಗಟ್ಟಿ. ಅಂದಮೇಲೆ ಮೂಳೆಯ ಆಕ್ಷೇಪ ಪೆಟ್ಟಿಗೆಯಲ್ಲಿ ಒಂದು ಸೆಟ್ಟಿಗೆ ಮಾತ್ರ ತಾಗುತ್ತದೆ. ಮದುವೆಗೆ ಉಡುಗೊರೆ ಬಂದು ಗಾಜಿನ ಬೀರುವಿನಲ್ಲಿ ಕೂತ ಹೊಸ ಟೀ ಸೆಟ್ಟು ನಿಮ್ಮಲ್ಲಿದ್ದರೆ ಅದರ ಬೆನ್ನನ್ನೂ ಓದಿ. ನಮ್ಮ ದೇಶದಲ್ಲಿ ತಯಾರಾಗಿ ಸಸ್ಯಾಹಾರಿಗಳ ಮನೆ ಸೇರಿದ ಬೋನ್ ಚೈನಾ ಎಷ್ಟೋ ಇದೆ. ತತ್ವ ಒಂದೇ ಆಗಿದ್ದರೆ ಅದಕ್ಕೂ ಅನ್ವಯಿಸಬೇಕು.

ಎಂಜಲಿನ ಮಾತನ್ನು ನಾನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನಮ್ಮ ಹಿರಿಯರು ಲೋಹದ ಪಾತ್ರೆ ಮೈಲಿಗೆಯಾದರೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಬೆಂಕಿ ತೋರಿಸಿ ಮತ್ತೆ ಒಳಗೆ ತೆಗೆದುಕೊಳ್ಳುತ್ತಿದ್ದರು. ಮಣ್ಣಿನ ಮಡಕೆಯಾದರೆ ಒಡೆದು ಎಸೆಯುತ್ತಿದ್ದರು. ಮಣ್ಣು ಹೀರಿಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ ಎನ್ನುವ ತಿಳಿವಳಿಕೆ ಅದರ ಹಿಂದೆ ಇತ್ತು. ನಿಮ್ಮ ಅತ್ತೆಗೆ ಈ ಸಾಮಾನು ಮಣ್ಣು, ಅಷ್ಟೇ. ಮೆರುಗು ಅಖಂಡವಾಗಿದ್ದರೆ ಅದು ಗಾಜಿನಂತೆ, ಏನನ್ನೂ ಹೀರುವುದಿಲ್ಲ, ಸೋಪುನೀರಿಗೆ ಪೂರ್ತಿ ಶುದ್ಧವಾಗುತ್ತದೆ. ಆದರೆ ಮೂರನೆಯ ಫೋಟೋದ ತಟ್ಟೆಯನ್ನು ನೋಡಿ. ಮೆರುಗಿನ ತುಂಬ ಜೇಡರ ಬಲೆಯಂಥ ಸಣ್ಣ ಬಿರುಕು, ಬಿರುಕುಗಳ ಉದ್ದಕ್ಕೂ ಚಹಾ ಬಣ್ಣದ ಗೆರೆ. ಆ ಕಂದು ಎಲ್ಲಿಂದ ಬಂತು? ಯಾವ ಕಾಲದ್ದೋ ಎಣ್ಣೆ, ಯಾವುದೋ ಸಾರು ಬಿರುಕಿನಲ್ಲಿ ಇಳಿದು ಒಳಗಿನ ಮಣ್ಣು ಸೇರಿದೆ. ಈ ತಟ್ಟೆಯ ಬಗ್ಗೆ ಅತ್ತೆಯ ಕಣ್ಣು ಪ್ರಯೋಗಾಲಯದ ಕಣ್ಣಿನಷ್ಟೇ ಚುರುಕು. ಬಿರುಕಿನಲ್ಲಿ ಕೊಳೆ ನಿಲ್ಲುತ್ತದೆ, ಸೂಕ್ಷ್ಮಜೀವಿ ಬೆಳೆಯುತ್ತದೆ, ಮೆರುಗಿನ ಸೀಸವೂ ಅಲ್ಲಿಂದ ಸುಲಭವಾಗಿ ಬಿಡುತ್ತದೆ. ಅಂಥವನ್ನು ಊಟಕ್ಕೆ ಯಾರೂ, ನೀವೂ, ಬಳಸಬೇಡಿ. ಇದನ್ನು ಅವರಿಗೆ ಹೇಳಿ: 'ಅತ್ತೆ, ಬಿರುಕು ಬಿಟ್ಟದ್ದರ ವಿಷಯದಲ್ಲಿ ನೀವು ಹೇಳಿದ್ದೇ ಸರಿಯಂತೆ.' ಅವರ ಮಾತಿನಲ್ಲಿ ಸರಿ ಇದ್ದದ್ದನ್ನು ಸರಿ ಎಂದು ಒಪ್ಪಿಕೊಂಡ ಮೇಲೆ ಉಳಿದದ್ದನ್ನು ಕೇಳುವ ಮನಸ್ಸು ಅವರಿಗೂ ಬರುತ್ತದೆ.

ಕೊಂಬೆ ಕೊಂಬೆಯ ಕಾಲುವೆ ಇರುವ ಆ ಭಾರೀ ಹರಿವಾಣದ ಸತ್ಯವನ್ನೂ ಮುಚ್ಚಿಡಬೇಡಿ. ಇಡೀ ಮಾಂಸದ ತುಂಡನ್ನು ಬೇಯಿಸಿ ಅದರ ಮೇಲಿಟ್ಟು ಕೊಯ್ಯುವಾಗ ಇಳಿಯುವ ರಸ ಆ ಕಾಲುವೆಗಳಲ್ಲಿ ಹರಿದು ಒಂದು ತುದಿಯ ಗುಂಡಿಯಲ್ಲಿ ಸೇರಲಿ ಎಂದೇ ಮಾಡಿದ ತಟ್ಟೆ ಅದು. ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ. ಮಾಂಸ ಸೇರದ ಅಡುಗೆಮನೆಯಲ್ಲಿ ಅದಕ್ಕೆ ಜಾಗ ಹುಡುಕುವುದು ಬೇಡ. ಹಜಾರದ ಗೋಡೆಗೆ ತೂಗುಹಾಕಿದರೆ ಚೆನ್ನಾಗಿ ಕಾಣುತ್ತದೆ, ಅತ್ತೆಗೆ ಅದೂ ಬೇಡವಾದರೆ ಮೈದುನನ ಪಾಲಿಗೆ ಹೋಗಲಿ.

ಹಾಗಾದರೆ ಬಳಸಬಹುದಾದದ್ದು ಏನು? ಬಿರುಕಿಲ್ಲದ, ಅಂಚು ಒಡೆಯದ ನೀಲಿ ತಟ್ಟೆಗಳು. ಒಂದೊಂದನ್ನೂ ಅಂಗೈ ಮೇಲಿಟ್ಟು ಉಗುರಿನಿಂದ ಅಂಚಿಗೆ ತಟ್ಟಿ. ತಟ್ಟೆ ಗಟ್ಟಿಯಾಗಿದ್ದರೆ ದನಿ ಹೊರಡುತ್ತದೆ, ಕಣ್ಣಿಗೆ ಕಾಣದ ಸೀಳಿದ್ದರೆ ಮಂಕಾಗಿ ಠಪ್ ಎನ್ನುತ್ತದೆ. ಗಟ್ಟಿ ಎಂದು ಉಳಿದವುಗಳಲ್ಲಿ ಒಣ ತಿಂಡಿ ಇಡಿ: ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಸುಲಿಯದ ಬಾಳೆಹಣ್ಣು. ಇಂಗ್ಲಿಷರ ತಟ್ಟೆ ಹುಟ್ಟಿದ್ದು ಬ್ರೆಡ್ಡು, ಬೇಯಿಸಿದ ತರಕಾರಿಯ ಊಟಕ್ಕೆ. ನಮ್ಮ ಊಟದ ಜೀವವೇ ಹುಳಿ. ಹುಣಸೆಯ ಸಾರು, ಮಜ್ಜಿಗೆಹುಳಿ, ಮೊಸರನ್ನ, ನಿಂಬೆಹಣ್ಣಿನ ಚಿತ್ರಾನ್ನ, ಟೊಮೇಟೊ ಗೊಜ್ಜು, ಉಪ್ಪಿನಕಾಯಿ, ಇವೆಲ್ಲ ಮೆರುಗಿನ ಸೀಸವನ್ನು ಬಿಡಿಸುವ ಪದಾರ್ಥಗಳೇ. ಬಿಸಿಯಾಗಿದ್ದರೆ ಇನ್ನೂ ಹೆಚ್ಚು, ರಾತ್ರಿಯಿಡೀ ಅದರಲ್ಲೇ ಇಟ್ಟರೆ ಮತ್ತೂ ಹೆಚ್ಚು. ಆದ್ದರಿಂದ ಹುಳಿ ಪದಾರ್ಥ ಈ ತಟ್ಟೆಗಳಿಗೆ ಎಂದೂ ಬೇಡ, ಸ್ಟೀಲು ಇದೆ. ಹಬ್ಬದ ದಿನ ನೆಂಟರಿಗೆ ಈ ತಟ್ಟೆಯಲ್ಲೇ ಹೋಳಿಗೆ ಬಡಿಸಬೇಕು ಎನಿಸಿದರೆ ತೋಟದ ಬಾಳೆಲೆಯನ್ನು ದುಂಡಗೆ ಕತ್ತರಿಸಿ ತಟ್ಟೆಯ ಮೇಲೆ ಹಾಸಿ ಬಡಿಸಿ. ನೀಲಿ ಅಂಚು ಹೊರಗೆ ಕಾಣುತ್ತದೆ, ತಿನ್ನುವುದು ಎಲೆಯ ಮೇಲೆ. ಅತ್ತೆಯವರೂ ಒಪ್ಪಬಹುದಾದ ದಾರಿ ಇದು ಎಂದು ನನಗೆ ತೋರುತ್ತದೆ.

ಕಂದು ಬಟ್ಟಲಿಗೆ ಊಟದ ಕೆಲಸ ಬೇಡ. 1879ರ ವಿನ್ಯಾಸದ್ದು, ಮೆರುಗು ಹಸಿ ಸೀಸದ್ದೇ ಇರಬಹುದು, ಬಡಿಸುತ್ತಿದ್ದದ್ದು ಹೆಚ್ಚಾಗಿ ಮಾಂಸದ ಸಾರು. ಅದು ನೋಡಲಿಕ್ಕೆ ಇರಲಿ.

ಟೀ ಸೆಟ್ಟನ್ನು ನೀವೂ ಯಜಮಾನರೂ ಅಪರೂಪಕ್ಕೆ ಬಳಸುವುದಾದರೆ ಮೊದಲು ಪರೀಕ್ಷೆ ಮಾಡಿಸಿ. ಕೊಯಮತ್ತೂರಿನಂಥ ಊರಿನಲ್ಲಿ ಆಹಾರ ಪರೀಕ್ಷಿಸುವ ಮಾನ್ಯತೆ ಪಡೆದ ಪ್ರಯೋಗಾಲಯ ಸಿಗುವುದು ಕಷ್ಟವಲ್ಲ. 'ಪಾತ್ರೆಯಿಂದ ಸೀಸ, ಕ್ಯಾಡ್ಮಿಯಂ ಎಷ್ಟು ಬಿಡುತ್ತದೆ' ಎಂದು ಕೇಳಿ. ಶೇ. 4ರ ಅಸಿಟಿಕ್ ಆಮ್ಲವನ್ನು ಕಪ್ಪಿನಲ್ಲಿ ತುಂಬಿ 24 ಗಂಟೆ ಇಟ್ಟು, ಆಮೇಲೆ ಆ ದ್ರವವನ್ನು ಅಳೆಯುವುದು ಕ್ರಮ. ಆಮ್ಲ ತಾಗಿದ ಬಣ್ಣ ಮಂಕಾಗಬಹುದು. ಅದಕ್ಕೆ ನಿಮ್ಮ ಫೋಟೋದಲ್ಲಿ ಹಿಡಿ ಮುರಿದ ಕಪ್ಪು ಒಂದಿದೆಯಲ್ಲ, ಅದನ್ನೇ ಕೊಡಿ, ಅದೇ ಸೆಟ್ಟಿನದು. ಅಮೆರಿಕದ ಆಹಾರ ಇಲಾಖೆ ಕಪ್ಪುಗಳಿಗೆ ಇಟ್ಟ ಮಿತಿ ಒಂದು ಮಿಲಿಲೀಟರಿಗೆ 0.5 ಮೈಕ್ರೋಗ್ರಾಂ ಸೀಸ, ಚಪ್ಪಟೆ ತಟ್ಟೆಗೆ 3. ಬಾಯಿ ತಾಗುವ, ಬಿಸಿ ನಿಲ್ಲುವ ಪಾತ್ರೆಗೆ ಬಿಗಿ ಹೆಚ್ಚು. ಒರೆಸಿದರೆ ಬಣ್ಣ ಬದಲಾಗುವ ಕಡ್ಡಿಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಅವನ್ನು ನೆಚ್ಚಿಕೊಳ್ಳಬೇಡಿ. ಅವು ಸೀಸ ಇಲ್ಲ ಎಂದರೂ ಇರಬಹುದು. ಪರೀಕ್ಷೆಯಲ್ಲಿ ಪಾಸಾದರೂ ಮಕ್ಕಳಿಗೆ ಆ ಕಪ್ಪು ಬೇಡ.

ಬೆಲೆಯ ಮಾತು. ಮೈದುನನವರ ಲಕ್ಷಗಳು ನನಗೆ ಕಾಣುತ್ತಿಲ್ಲ. ವಿಲ್ಲೋ ತಟ್ಟೆಯನ್ನು ನೂರಾರು ಕಾರ್ಖಾನೆಗಳು ಇನ್ನೂರು ವರ್ಷಕ್ಕೂ ಮೀರಿ ಮಾಡಿವೆ, ಈಗಲೂ ಮಾಡುತ್ತವೆ. ಇಂಗ್ಲೆಂಡಿನಲ್ಲೇ ದೊಡ್ಡ ಊಟದ ಸೆಟ್ಟುಗಳ ಬೆಲೆ ಬಿದ್ದುಹೋಗಿದೆ. ಚಿನ್ನದಂಚಿನದನ್ನು ಮೈಕ್ರೋವೇವಿಗೆ ಇಡುವಂತಿಲ್ಲ, ತೊಳೆಯುವ ಯಂತ್ರಕ್ಕೆ ಹಾಕುವಂತಿಲ್ಲ, ಮನೆಯಲ್ಲಿ ಜಾಗವಿಲ್ಲ, ಅಜ್ಜಿಯರ ಸೆಟ್ಟನ್ನು ಮೊಮ್ಮಕ್ಕಳು ದಾನದಂಗಡಿಗೆ ಕೊಟ್ಟುಬಿಡುತ್ತಾರೆ. ಮೈದುನನವರು ಅಂತರ್ಜಾಲದಲ್ಲಿ ಕಂಡದ್ದು ಮಾರುವವರು ಕೇಳುವ ಬೆಲೆ ಇರಬೇಕು. ಕೊಂಡವರು ಕೊಟ್ಟ ಬೆಲೆ ಅದಲ್ಲ. ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ ಬರಲು ಹೇಳಿ, ಅಂದಾಜು ಸಿಗುತ್ತದೆ. ಪೆಟ್ಟಿಗೆಯ ತಳದಲ್ಲಿ ಇನ್ನೂ ಏನಾದರೂ ಉಳಿದಿದ್ದರೆ, ಅದರಲ್ಲಿ ಆನೆ, ಹುಲಿ, ಕರಡಿ ಬೇಟೆಯ ನೀಲಿ ಚಿತ್ರವಿದ್ದರೆ ಮಾತ್ರ ತಡೆಯಿರಿ. 1815ರ ಸುಮಾರಿಗೆ ಸ್ಪೋಡ್ ಕಾರ್ಖಾನೆ ಭಾರತದ ಬೇಟೆಯ ದೃಶ್ಯಗಳ ಒಂದು ಸರಣಿ ತಂದಿತ್ತು. ತಾಮಸ್ ವಿಲಿಯಮ್ಸನ್ ಎಂಬ ಸೇನಾಧಿಕಾರಿಯ ಪುಸ್ತಕದ ಚಿತ್ರಗಳನ್ನು ನೋಡಿ ಕೊರೆದದ್ದು. ಅದನ್ನು ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ. ಅಂಥದ್ದು ಕಂಡರೆ ತೊಳೆಯುವ ಮೊದಲು ನನಗೆ ಬರೆಯಿರಿ.

ಭಾಗ ಮಾಡುವ ಮುಂಚೆ ಪಟ್ಟಿ ಮಾಡಿ. ಪ್ರತಿ ವಸ್ತುವಿನ ಮುಂಭಾಗ, ಬೆನ್ನು, ಒಡಕು ಮೂರರ ಫೋಟೋ ತೆಗೆದು ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ನೀಲಿ ತಟ್ಟೆಗಳನ್ನು ಎಣಿಸಿ ಹಂಚಿದರೆ ನಷ್ಟವಿಲ್ಲ, ಅವು ಬಿಡಿಬಿಡಿಯಾಗಿಯೇ ಮಾರಾಟವಾಗುತ್ತಿದ್ದವು. ಟೀ ಸೆಟ್ಟನ್ನು ಮಾತ್ರ ಒಡೆಯಬೇಡಿ. ಎರಡು ಕಪ್ಪು ಅಣ್ಣನಿಗೆ, ಎರಡು ತಮ್ಮನಿಗೆ, ಟೀ ಪಾತ್ರೆ ತಂಗಿಗೆ ಎಂದು ಮಾಡಿದರೆ ಯಾರ ಬಳಿಯೂ ಏನೂ ಉಳಿಯುವುದಿಲ್ಲ. ಅತ್ತೆಗೆ ಬೇಡವಾದ, ನಿಮ್ಮ ಅಡುಗೆಮನೆಗೆ ತರಲಾಗದ ಆ ಸೆಟ್ಟನ್ನು ನಾದಿನಿಗೇ ಬಿಟ್ಟುಕೊಡಿ ಎನ್ನುವುದು ನನ್ನ ಸಲಹೆ. ಆಸೆ ಬಿಡುವುದು ಕಷ್ಟ, ಗೊತ್ತು. ಆದರೆ ದಿನಾ ಒಂದೇ ಸೂರಿನಡಿ ಇರುವವರು ನೀವೂ ಅತ್ತೆಯೂ. ನೀಲಿ ತಟ್ಟೆ ನಿಮಗೆ ದಕ್ಕಲಿ.

ಕಂದು ಬಟ್ಟಲನ್ನು ನಾದಿನಿ ಹಾಗೇ ಸೂಟ್‌ಕೇಸಿಗೆ ಹಾಕಿಕೊಂಡು ಹೋಗುವಂತಿಲ್ಲ. ನೂರು ವರ್ಷ ಮೀರಿದ ಕಲೆ, ಕುಶಲಕೆಲಸದ ವಸ್ತುಗಳನ್ನು 1972ರ ಪುರಾತನ ವಸ್ತುಗಳ ಕಾಯಿದೆ ತನ್ನ ವ್ಯಾಪ್ತಿಗೆ ತೆಗೆದುಕೊಳ್ಳುತ್ತದೆ, ಅಂಥವನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಇಂಗ್ಲೆಂಡಿನಲ್ಲಿ ಆದದ್ದಲ್ಲವೇ ಎಂದು ವಿಮಾನ ನಿಲ್ದಾಣದಲ್ಲಿ ವಾದಿಸಿ ಉಪಯೋಗವಿಲ್ಲ. ಟೀ ಸೆಟ್ಟು ನೂರು ವರ್ಷದೊಳಗಿನದು ಎಂದು ತೋರುತ್ತದೆ. ಆದರೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಫೋಟೋ ಸಹಿತ ಅರ್ಜಿ ಹಾಕಿ, 'ಇದು ಪುರಾತನ ವಸ್ತುವಲ್ಲ' ಎಂಬ ಪ್ರಮಾಣಪತ್ರ ಪಡೆದು ಒಯ್ಯುವುದು ಕ್ಷೇಮ. ಟಿಕೆಟ್ ತೆಗೆಯುವ ಮೊದಲೇ ಅರ್ಜಿ ಹಾಕಲು ಹೇಳಿ.

ಬಟ್ಟಲು ತೊಂಡಾಮುತ್ತೂರಿನಲ್ಲೇ ಉಳಿಯಲಿ. ನಿಮ್ಮ ತವರಿನ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು, 1868ರವರೆಗೆ ನೀಲಗಿರಿಯೂ ಸೇರಿತ್ತು. ಆ ಬೆಟ್ಟಕ್ಕೆ ಇಂಗ್ಲಿಷರ ಬಂಗಲೆಗಳು ಬರಲು ದಾರಿ ಮಾಡಿದ ಜಾನ್ ಸಲ್ಲಿವನ್ ಕೊಯಮತ್ತೂರಿನ ಕಲೆಕ್ಟರ್. 1819ರಲ್ಲಿ ಮೇಲೆ ಹತ್ತಿದವರು. ಈ ಬಟ್ಟಲು ಆ ಚರಿತ್ರೆಯ ಒಂದು ಚೂರು, ಅದರ ಜಾಗ ಇಲ್ಲೇ ಎಂದು ನನ್ನ ಬಲವಾದ ಅಭಿಪ್ರಾಯ.

ತೊಳೆಯುವ ಬಗ್ಗೆ ಎರಡು ಮಾತು. ಹುಣಸೆಹಣ್ಣು, ಬೂದಿ, ತೆಂಗಿನ ನಾರು, ಸ್ಟೀಲ್ ಉಜ್ಜು, ಪಾತ್ರೆ ತಿಕ್ಕುವ ಪುಡಿ ಇವುಗಳಲ್ಲಿ ಒಂದೂ ತಾಗಬಾರದು. ಚಿನ್ನ ಎನ್ನುವುದು ಕೂದಲಿಗಿಂತ ತೆಳು, ಒಂದೇ ತಿಂಗಳಲ್ಲಿ ಹೋಗುತ್ತದೆ. ಕಲೆ ತೆಗೆಯಲು ಬ್ಲೀಚು ಬೇಡವೇ ಬೇಡ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಸೋಪು ಕಲಸಿ ಒಂದೊಂದಾಗಿ ತೊಳೆಯಿರಿ. ಕೆಲಸದವರ ಕೈಗೆ ಕೊಡದೆ ನೀವೇ ತೊಳೆಯಿರಿ, ಒಡೆದರೆ ಅವರನ್ನು ಬೈಯುವ ಪ್ರಸಂಗ ಬರಬಾರದು. ಬೆಟ್ಟದ ಬುಡದ ನಿಮ್ಮ ಊರಿನಲ್ಲಿ ಮಳೆಗಾಲದ ತೇವ ಹೆಚ್ಚು, ಚೆನ್ನಾಗಿ ಆರಿದ ಮೇಲೆಯೇ ಒಳಗಿಡಿ. ತಟ್ಟೆ ತಟ್ಟೆಯ ನಡುವೆ ಹಳೆಯ ಹತ್ತಿ ಸೀರೆಯ ತುಂಡು ಹಾಕಿ. ಕಪ್ಪನ್ನು ಹಿಡಿಯಿಂದ ಕೊಕ್ಕೆಗೆ ತೂಗುಹಾಕಬೇಡಿ, ಎತ್ತುವಾಗಲೂ ಹೊಟ್ಟೆಯನ್ನು ಹಿಡಿದು ಎತ್ತಿ. ಹಿಂಬದಿಯಲ್ಲಿ ಲೋಹದ ಮೊಳೆ ಹೊಡೆದು ಜೋಡಿಸಿದ ತಟ್ಟೆ ಒಂದು ಫೋಟೋದಲ್ಲಿದೆ. ಹಿಂದಿನ ಕಾಲದ ದುರಸ್ತಿ ಅದು, ಅಂಟು ಹಚ್ಚಿ 'ಸರಿಮಾಡಲು' ಹೋಗಬೇಡಿ, ಅದರಲ್ಲಿ ತಿನ್ನಲೂ ಬೇಡಿ.

ಆಸೆಪಟ್ಟದ್ದು ತಪ್ಪೇ ಎಂದು ಕೇಳಿದಿರಿ. ತಪ್ಪಲ್ಲ. ಎಪ್ಪತ್ತು ವರ್ಷಕ್ಕೂ ಹೆಚ್ಚು ಕತ್ತಲಲ್ಲಿ ಕೂತ ಚಂದದ ವಸ್ತುವನ್ನು ಕಂಡು ಕೈ ಹೋಗದಿದ್ದರೆ ಅದೇ ಆಶ್ಚರ್ಯ. ಅತ್ತೆಯನ್ನು ಕೇಳದೆ ಒಲೆಯ ಪಕ್ಕಕ್ಕೆ ತಂದದ್ದು ಮಾತ್ರ ಸ್ವಲ್ಪ ಅವಸರ. ಈಗ ಒಂದು ಬಿಡುವಿನ ಮಧ್ಯಾಹ್ನ ಅವರ ಪಕ್ಕ ಕೂತು ಕೇಳಿ: 'ತಾತ ಈ ಪೆಟ್ಟಿಗೆ ತಂದ ದಿನದ ಬಗ್ಗೆ ಮನೆಯಲ್ಲಿ ಏನು ಹೇಳ್ತಿದ್ದರು, ಅತ್ತೆ? ಇಷ್ಟು ವರ್ಷ ಯಾಕೆ ತೆಗೆಯಲಿಲ್ಲ?' ಅಟ್ಟದಲ್ಲಿ ಅದನ್ನು ಹಾಗೇ ಇಡಲು ಯಾರೋ ನಿರ್ಧರಿಸಿದ್ದರಲ್ಲ, ಅದರ ಕಾರಣ ಗೊತ್ತಿರುವವರು ಈಗ ಅವರೊಬ್ಬರೇ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಎಸ್ಟೇಟಿನ ಹೆಸರು, ತಾತನ ಹೆಸರು, ಇಸವಿ ಸೇರಿಸಿ ಆ ಪಟ್ಟಿಯ ಜೊತೆ ಇಡಿ. ತಮಿಳಿನಲ್ಲೂ ಒಂದು ಪ್ರತಿ ಬರೆಸಿ, ಮನೆಯ ಉಳಿದವರೂ ಓದಬೇಕಲ್ಲ.